ಕೋಟೆಯೊಳಗಿನ ಆ ಮನೆ

ಬುರುಜಿನ ಮೇಲಿನ ಉದ್ದನೆಯ ಫಿರಂಗಿ ತೋಪಿನ ಫೋಟೊ ತೆಗೆದು ತಿರುಗಿದರೆ ಪಕ್ಕದಲ್ಲಿದ್ದ ಮಗಳು ಕಾಣಲಿಲ್ಲ. ಕಮಲಾಪುರದಿಂದ ಬಸ್ಸು ಹತ್ತಿ ಕಲಬುರಗಿ ಕೋಟೆ ನೋಡಲು ನಾವಿಬ್ಬರೇ ಬಂದಿದ್ದೆವು. ಅವಳಿಗಿನ್ನೂ ಆರು ವರ್ಷ. ನಾನು ನಿಂತಿದ್ದ ಕಡೆ ಬುರುಜಿನ ಅಂಚಿಗೆ ಕಂಬಿಯಿರಲಿಲ್ಲ. ಹೊರಗೆ ಕಂದಕದಲ್ಲಿ ಪಾಚಿಗಟ್ಟಿದ ನೀರು. ಬಗ್ಗಿ ನೋಡುವ ಧೈರ್ಯವೇ ಬರಲಿಲ್ಲ. ಹೆಸರು ಹಿಡಿದು ಕೂಗುತ್ತ ಮೆಟ್ಟಿಲಿಳಿದು ಓಡಿದೆ.

ಕೋಟೆಯೊಳಗೇ ತಲೆಮಾರುಗಳಿಂದ ಬದುಕುತ್ತಿರುವವರ ಮನೆಗಳ ಸಾಲಿನಿಂದ ಹೆಂಗಸೊಬ್ಬರು ಕೈಬೀಸಿ ಕರೆದರು.

"ಅಂಜಬ್ಯಾಡ್ರೀ ಬಾಯಿ, ಕೂಸು ನಮ್ಮನ್ಯಾಗ ಅದ. ಆಡಿನ ಮರಿ ಹಿಂದ ಓಡ್ಕೋತ ಕಂದಕದ ಕಡಿ ಹೊಂಟಿತ್ತು, ಕೈ ಹಿಡ್ಕೊಂಡು ಬಂದೀನಿ."

ಒಳಗೆ ಮಗಳು ಬಿಸಿ ರೊಟ್ಟಿ ತಿನ್ನುತ್ತ ಕುಳಿತಿದ್ದಳು. ಅವಳನ್ನು ತಬ್ಬಿಕೊಂಡು ಅಲ್ಲೇ ಕುಸಿದು ಅತ್ತುಬಿಟ್ಟೆ. ನೀರಿನ ತಂಬಿಗೆ ಕೊಡುತ್ತ ಆ ಹೆಂಗಸು ಮೆಲ್ಲಗೆ ಕೇಳಿದರು:

"ಕಿಲ್ಲೆ ಚಂದ ಮಾಡ್ಲಾಕ ನಮ್ಮನ್ನ ಇಲ್ಲಿಂದ ಎಬ್ಬಸ್ತಾರಂತ ಮಂದಿ ಮಾತಾಡಾಕತ್ತಾರ. ನಾವು ಹೋದ ಮ್ಯಾಲ ಇಲ್ಲಿ ಕೂಸು ಕಳದ್ರ ಯಾರಿಗಿ ಕೇಳ್ತೀರಿ?"

ತಂಬಿಗೆಯ ನೀರನ್ನು ಮೊದಲು ಮಗಳಿಗೆ ಕುಡಿಸಿದೆ.

ಆ ಗೋಡೆ, ತೋಪು, ಬುರುಜುಗಳು ಉಳಿಯಬೇಕು, ಮಕ್ಕಳು ಬಂದು ನೋಡಬೇಕು ಎಂಬುದು ನನ್ನ ಆಸೆಯೂ ಹೌದು. ಆದರೆ ಕೋಟೆಯ ಅಭಿವೃದ್ಧಿಯ ಸುದ್ದಿ ಪತ್ರಿಕೆಯಲ್ಲಿ ಬಂದರೆ ಈಗ ಆ ಮನೆಗಳ ಬಗ್ಗೆ ಏನಾದರೂ ಬರೆದಿದ್ದಾರೆಯೇ ಎಂದು ಮೊದಲು ಹುಡುಕುತ್ತೇನೆ. ಇನ್ನೂ ಒಂದು ಸಾಲೂ ಸಿಕ್ಕಿಲ್ಲ.