ಕಟ್ಟೆಯ ಹಿಂದೆ ಮುಚ್ಚಿಹೋದ ಗಾಳಿಕಿಂಡಿಗಳು

ಮುಂಡರಗಿಯ ನಮ್ಮ ಮನೆಯ ಪಡಸಾಲೆಗೆ ಹಲಗೆಯ ನೆಲ. ಮಾವನವರ ಕಾಲದಲ್ಲಿ ಶೇಂಗಾ, ಹತ್ತಿಯ ವ್ಯಾಪಾರವಿತ್ತು. ಚೀಲಗಳಿಗೆ ನೆಲದ ಥಂಡಿ ತಾಗಬಾರದೆಂದು ಹಲಗೆ ಹಾಸಿ, ಕೆಳಗೆ ಮೊಣಕಾಲಿನಷ್ಟು ಟೊಳ್ಳು ಬಿಟ್ಟಿದ್ದರು. ಆ ಟೊಳ್ಳಿನಲ್ಲಿ ಗಾಳಿಯಾಡಲು ಬೀದಿಗೋಡೆಯ ಬುಡದಲ್ಲಿ ಸಾಲಾಗಿ ಗಾಳಿಕಿಂಡಿಗಳು, ಹೆಗ್ಗಣ ನುಗ್ಗದಂತೆ ಅವಕ್ಕೆ ಕಬ್ಬಿಣದ ಜಾಳಿಗೆ. ವ್ಯಾಪಾರ ನಿಂತು ಚೀಲಗಳು ಹೋದವು. ಗಂಡ ತೀರಿಕೊಂಡ ಮೇಲೆ ಆ ಹಲಗೆಯ ಮೇಲೆ ನನ್ನ ಹಾಸಿಗೆ ಬಂತು. ಶೇಂಗಾ ಚೀಲದ ಜಾಗ ನನಗೆ ಸಿಕ್ಕಿತು ಎಂದು ನಾನೇ ನಗೆಯಾಡುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಮೊಮ್ಮಗಳಿಗೆ ಲಕ್ಷ್ಮೇಶ್ವರದ ಸಂಬಂಧ ಕೂಡಿಬಂತು. ದೀಪಾವಳಿ ಮುಗಿದ ಮೇಲೆ ಬೀಗರು ನಿಶ್ಚಯಕ್ಕೆ ಬರುವುದೆಂದಾಯಿತು. ಬೀಗರು ಬರುತ್ತಾರೆಂದರೆ ನಮ್ಮ ಕಡೆ ಮೊದಲು ಮನೆಯ ಮುಖ ಚೆಂದಾಗಬೇಕು, ಮನುಷ್ಯರ ಮುಖ ಆಮೇಲೆ. ಮಗ ಬೀದಿಗೋಡೆಗೆ ಬುಡದಿಂದ ಗ್ರಾನೈಟ್ ಹಚ್ಚಿಸಿದ. ಬೀಗರು ಕೂರಲೆಂದು ಗೋಡೆಯುದ್ದಕ್ಕೂ ಅಗಲವಾದ ಕಟ್ಟೆ ಕಟ್ಟಿಸಿದ. ಕಟ್ಟೆಯೊಳಗೆ ತುಂಬಲು ನೀರು ಹಿಡಿಯದ ಗರಸು ತರಿಸುವ ಬದಲು, ಮನೆಯದೇ ಇದೆಯಲ್ಲ ಎಂದು ನಮ್ಮ ಹೊಲದ ಎರೆಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿಸಿದ. ಎರೆಮಣ್ಣು ಒಮ್ಮೆ ನೀರು ಕುಡಿದರೆ ಬಹಳ ದಿನ ಬಿಡುವುದಿಲ್ಲ.

"ಕಿಂಡಿ ಎಲ್ಲಾ ಮುಚ್ಚಿ ಹೊಕ್ಕಾವಲ್ಲೋ," ಅಂದೆ.

"ಈಗ ಚೀಲ ಎಲ್ಲಿ ಅದಾವು ಬೇ? ಗ್ರಾನೈಟಿನ ನಡುವ ತೂತು ಬಿಟ್ರ ಬೀಗರು ಏನಂದಾರು?" ಅಂದ ಮಗ.

ನನ್ನ ಬಾಯಿ ಎಂಥದೆಂದು ಓಣಿಗೆಲ್ಲ ಗೊತ್ತು. ಆದರೂ ಶುಭಕಾರ್ಯದಲ್ಲಿ ಮುದುಕಿ ಅಪಸ್ವರ ತೆಗೆದಳು ಅನ್ನಿಸಿಕೊಳ್ಳಬಾರದೆಂದು ಸುಮ್ಮನಾದೆ.

ಆ ಮಳೆಗಾಲದಲ್ಲಿ ನನಗೆ ಕೆಮ್ಮು ಹತ್ತಿತು. ಒಮ್ಮೆ ಕೆಮ್ಮಿನ ಭರಕ್ಕೆ ಸೀರೆ ತುಸು ಒದ್ದೆಯಾಯಿತು. ಯಾರೂ ನೋಡಲಿಲ್ಲ. ನಾನೇ ಒಗೆದು ಹಿತ್ತಲಲ್ಲಿ ಹರವಿದೆ. ಮುಂದೆ ಸ್ವಲ್ಪ ದಿನಕ್ಕೆ ಪಡಸಾಲೆಯಲ್ಲಿ ವಾಸನೆ ಎದ್ದಿತು. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಮರೆತುಬಿಟ್ಟರೆ ಬರುವಂಥ ಹುಳಿ ಮುಗ್ಗಲು, ನನ್ನ ಹಾಸಿಗೆಯ ಹತ್ತಿರವೇ ಹೆಚ್ಚು. ಬೆಳಿಗ್ಗೆ ಕೈಯಾಡಿಸಿದರೆ ಗಾದಿಯ ತಳ ಹಸಿಹಸಿ. ನಿದ್ದೆಯಲ್ಲಿ ನನಗೆ ತಿಳಿಯದೆ ಆಗುತ್ತಿದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಮನೆಯವರು ಏಳುವ ಮೊದಲೇ ಎದ್ದು ಚಾದರ ಒಗೆಯತೊಡಗಿದೆ. ಸಂಜೆಯಾದ ಮೇಲೆ ನೀರು ಮುಟ್ಟಲಿಲ್ಲ. ಗಂಟಲು ಒಣಗಿ ಕೆಮ್ಮು ಇನ್ನೂ ಜೋರಾಯಿತು. ಊದಿನಕಡ್ಡಿ ಹಚ್ಚಿ ಹಚ್ಚಿ, ಮುದುಕಿಗೆ ಈಗ ಭಕ್ತಿ ಹೆಚ್ಚಾಯಿತು ಎಂದು ಪಕ್ಕದ ಮನೆಯಾಕೆಯಿಂದ ಹೊಗಳಿಸಿಕೊಂಡೆ. ಒಂದು ದಿನ ಸ್ನಾನ ಮಾಡಿ ಬರುವಷ್ಟರಲ್ಲಿ ಗಾದಿಯ ಮೇಲೆ, ಚಾದರದ ಕೆಳಗೆ ರಬ್ಬರ್ ಶೀಟು ಹಾಸಿತ್ತು, ಹಸುಗೂಸುಗಳಿಗೆ ಹಾಸುವಂಥದು. ಸೊಸೆ ಅದರ ಅಂಚನ್ನು ಅಚ್ಚುಕಟ್ಟಾಗಿ ಮಡಚಿ ಸಿಕ್ಕಿಸಿದ್ದಳು. ಬೈದಿದ್ದರೆ ಎರಡು ಪಟ್ಟು ತಿರುಗಿ ಬೈಯುತ್ತಿದ್ದೆ. ಅವಳು ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ಅದರ ಮೇಲೆ ಮಲಗುವಾಗ ನಾಚಿಕೆಯಿಂದ ಹಿಡಿಯಾಗಿಬಿಟ್ಟೆ.

ನಿಶ್ಚಯ ಹತ್ತಿರ ಬಂದಾಗ ಸೊಸೆ ತನ್ನ ಸೆರಗಿನ ಅಂಚು ನೋಡುತ್ತ ಹೇಳಿದಳು: "ಅತ್ತೀ, ಈ ಗದ್ದಲದಾಗ ನಿಮಗ ನಿದ್ದಿ ಆಗೂದಿಲ್ಲ. ಡೋಣಿಗೆ ಹೋಗಿ ಸ್ವಾದರಮಾವನ ಮನ್ಯಾಗ ನಾಕ ದಿನ ಇದ್ದು ಬರ್ರಿ."

"ಆತವಾ," ಅಂದೆ. ಬೀಗರಿಗೆ ವಾಸನೆ ಬಡಿಯದಂತೆ ನನ್ನನ್ನು ಸಾಗಿಸುತ್ತಿದ್ದಾಳೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ನನ್ನಿಂದ ಮೊಮ್ಮಗಳ ಸಂಬಂಧ ಕೆಡುವುದಕ್ಕಿಂತ ಅದೇ ಮೇಲೆನಿಸಿತು.

ಸೊಸೆ ಹೇಳಿದ ಸ್ವಾದರಮಾವ ಅಂದರೆ ನನ್ನ ತಮ್ಮ. ಡೋಣಿಯಲ್ಲಿ ಅವನ ಹೆಂಡತಿ ಹೊಸ ಗಾದಿ ಹಾಸಿದಳು. ಗಾದಿ ಬೆನ್ನಿಗೆ ಒಗ್ಗುವುದಿಲ್ಲ ಎಂದು ಸುಳ್ಳು ಹೇಳಿ ಬರೀ ಚಾಪೆ ಕೇಳಿ ಇಸಿದುಕೊಂಡೆ. ಬೆಳಿಗ್ಗೆ ಎದ್ದವಳೇ ಕಳ್ಳಿಯ ಹಾಗೆ ಚಾಪೆಯ ಮೇಲೆ ಕೈಯಾಡಿಸಿದೆ. ಒಣಗಿತ್ತು. ಮರುದಿನವೂ ಹಾಗೇ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಕೆಮ್ಮೂ ಇಳಿಯಿತು. ನೀರು ಬಿಟ್ಟಿದ್ದಕ್ಕೆ ಹೀಗಾಗಿರಬೇಕೆಂದು ಒಂದು ಸಂಜೆ ಬೇಕೆಂದೇ ಚೆಂಬು ತುಂಬ ಕುಡಿದು ಮಲಗಿದೆ. ಆಗಲೂ ಒಣಗಿತ್ತು. ಆದರೂ ನಂಬಲಿಲ್ಲ. ಹೊಸ ಜಾಗದಲ್ಲಿ ಮೈ ಎಚ್ಚರವಾಗಿರುತ್ತದೆ, ಅಷ್ಟೇ ಎಂದುಕೊಂಡೆ.

ಅಜ್ಜಿಯೇ ಇಲ್ಲದಿದ್ದರೆ ಬೀಗರು ಕೇಳದೆ ಬಿಡುವುದಿಲ್ಲವೆಂದು ನಿಶ್ಚಯದ ಹಿಂದಿನ ದಿನ ಬಸ್ಸು ಹತ್ತಿ ಮನೆಗೆ ಬಂದೆ. ನನ್ನ ಹಾಸಿಗೆಯನ್ನು ನಾನು ಹೋದ ದಿನವೇ ಮಾಳಿಗೆಗೆ ಸಾಗಿಸಿದ್ದರು. ಸೊಸೆ ಖಾಲಿ ಪಡಸಾಲೆಯ ನಡುವೆ ಕೈಯಲ್ಲಿ ಫಿನೈಲ್ ಬಾಟಲಿ ಹಿಡಿದು ನಿಂತಿದ್ದಳು. ಹೊಸ್ತಿಲು ದಾಟುವುದರೊಳಗೆ ವಾಸನೆ ಮೂಗಿಗೆ ಬಡಿಯಿತು, ನಾನು ಬಿಟ್ಟುಹೋದಾಗ ಇದ್ದುದಕ್ಕಿಂತ ಹೆಚ್ಚು. ಕೈಚೀಲ ಹಿಡಿದು ಹೊರಗಿನಿಂದ ಬಂದವಳು ನಾನು. ಸೊಸೆ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಲೇ, ಹಲಗಿ ಎಬ್ಬಸು," ಅಂದೆ ಮಗನಿಗೆ.

ಅವನು ಹಾರೆ ಹಾಕಿ ಎಬ್ಬಿಸಿದ. ಹಲಗೆಯ ತಳಕ್ಕೆ, ಅದನ್ನು ಹೊತ್ತ ತೊಲೆಗಳಿಗೆ ಹಿಂಜಿದ ಹತ್ತಿಯಂತೆ ಬಿಳಿ ಬೂಸಲು ಹಿಡಿದಿತ್ತು. ಮುಚ್ಚಿದ ಕಿಂಡಿಗಳಿಂದ ಎರೆಮಣ್ಣಿನ ನೀರು ಒಳಕ್ಕೆ ಜಿನುಗಿ, ಆರಲು ಗಾಳಿಯಿಲ್ಲದೆ ಕೊಳೆತಿತ್ತು. ಮಗ ಹಲಗೆಯ ತುದಿ ಮುರಿದ, ಕೈಯಲ್ಲೇ ಪುಡಿಯಾಯಿತು. ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ನಿಶ್ಚಯವನ್ನು ಪಕ್ಕದ ಮನೆಯ ಅಂಗಳದಲ್ಲಿ ಮುಗಿಸಿದೆವು. ನೆಲ ರಿಪೇರಿ ನಡೆದಿದೆ ಅಂದೆವು, ಬೀಗರು ಹೂಂ ಅಂದರು. ಆಮೇಲೆ ಮಗ ಕಟ್ಟೆ ಒಡೆಸಿ ಮಣ್ಣು ತೆಗೆಸಿದ, ಗ್ರಾನೈಟ್ ಕೊರೆಸಿ ಕಿಂಡಿಗಳನ್ನು ಹೊರಗಿನವರೆಗೆ ತಂದು ಜಾಳಿಗೆ ಕೂರಿಸಿದ.

ಆ ವಾರ ಸೊಸೆ ನನ್ನ ಹತ್ತಿರ ಬಂದು ಕೂತಳು. "ಅತ್ತೀ, ನಾ ನಿಮ್ಮ ಮ್ಯಾಲ ಸಂಶೆ ಪಟ್ಟೆ. ತಪ್ಪಾತ್ರಿ."

"ಹುಚ್ಚಿ, ನಿನಕಿಂತ ಮೊದಲ ನಾನ ಪಟ್ಟಿದ್ದೆ," ಅಂದೆ. ಅವಳು ಅತ್ತಳು, ಆಮೇಲೆ ಇಬ್ಬರೂ ನಕ್ಕೆವು. ಅವಳ ಲೆಕ್ಕ ಅಲ್ಲಿಗೆ ಮುಗಿಯಿತು.

ನನ್ನದು ಮುಗಿದಿಲ್ಲ. ಕಿಂಡಿ ಮುಚ್ಚುವುದನ್ನು ಕಣ್ಣಾರೆ ಕಂಡವಳು ನಾನು, ಎರೆಮಣ್ಣಿನ ಗುಣ ಬಲ್ಲವಳು. ಆದರೂ ವಾಸನೆ ಎದ್ದಾಗ ಗೋಡೆಯ ಮೇಲೆ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ವಯಸ್ಸಾದ ಹೆಂಗಸಿನ ಮೈ ಹೊಲಸಾಗಲೇಬೇಕೆಂದು ಮನೆಯವರಿಗಿಂತ ಮೊದಲೇ ಒಪ್ಪಿಕೊಂಡುಬಿಟ್ಟಿದ್ದೆ. ಮಕ್ಕಳನ್ನು ಹೆತ್ತು, ಹೊಲದಲ್ಲಿ ದುಡಿದು ಇಲ್ಲಿಯತನಕ ನನ್ನನ್ನು ಹೊತ್ತು ತಂದ ಮೈ ಇದು. ಇದರ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ. ಈಗಲೂ ಬಚ್ಚಲಲ್ಲಿ ಕೂತು ಮೈಮೇಲೆ ನೀರು ಹಾಕಿಕೊಳ್ಳುವಾಗ ಅದರ ಮುಂದೆ ನನಗೆ ನಾಚಿಕೆಯಾಗುತ್ತದೆ.