ಹುಸೇನಬಿ ಅಕ್ಕನ ಗಾಯನ

ಹುಸೇನಬಿ ಅಕ್ಕ ನಕ್ಕರೆ ತಂಬೂರಿಯ ತಂತಿಗಳು ತಾವಾಗಿಯೇ ಮಿಡಿಯುತ್ತಿದ್ದವು. ಉತ್ಪ್ರೇಕ್ಷೆಯಲ್ಲ, ಆಕೆಯ ಹಿಂದೆ ತಂಬೂರಿ ಹಿಡಿದು ವರ್ಷಗಟ್ಟಲೆ ಕುಳಿತವಳು ನಾನು.

ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿಯರ ಮಗಳು ಅಕ್ಕ. ಖಾನಾಪುರದ ಕಾಡಂಚಿನ ಕೇರಿಯಿಂದ ಬಸ್ಸು ಹಿಡಿದು ಬೆಳಗಾವಿಗೆ ಬಂದು ನಮ್ಮ ಗುರುಗಳ ಬಳಿ ಖಯಾಲ್ ಗಾಯನ ಕಲಿತಳು. ಆ ಕೇರಿಯಿಂದ ಶಾಸ್ತ್ರೀಯ ಸಂಗೀತದ ವೇದಿಕೆ ಏರಿದ ಮೊದಲಿಗಳು ಆಕೆಯೇ. ಬಸ್ಸಿನಲ್ಲಿ ಯಾರಾದರೂ ಆಕೆಯ ಗುಂಗುರು ಕೂದಲನ್ನು ದಿಟ್ಟಿಸಿದರೆ, "ಹತ್ತರ ಬಂದ ನೋಡ್ರಿ, ಇದಕ್ಕ ಟಿಕೇಟ್ ಇಲ್ಲ" ಎಂದು ನಗುತ್ತಿದ್ದಳು. ಸ್ವರದ ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ. ನಿಷಾದ ಸರಿಯಾಗಿ ಕೂಡುವವರೆಗೆ, ಚಹಾ ಆರಿ ಹೋದರೂ ಮುಟ್ಟುತ್ತಿರಲಿಲ್ಲ.

ನಗರದ ದೊಡ್ಡ ಸಭೆಯೊಂದರಲ್ಲಿ ಆಕೆಯ ಮೊದಲ ಕಛೇರಿ. ಸಂಘಟಕರೊಬ್ಬರು ಬಾಗಿಲಲ್ಲೇ ತಡೆದರು. "ಡಾನ್ಸ್ ನಾಳೆ ಐತ್ರಿ. ಇವತ್ತ ಬರೇ ಗಾಯನ."

ಸಿದ್ದಿಯರೆಂದರೆ ಕುಣಿಯುವವರು ಎಂದೇ ಅವರ ಲೆಕ್ಕ. ಅಕ್ಕ ಸೆರಗು ಸರಿಪಡಿಸಿಕೊಂಡಳು. "ಹಾಡಾಕ ಬಂದೀನ್ರಿ."

ಅವರಿಗೆ ಇರುಸುಮುರುಸಾಯಿತು. "ಹಂಗಾರ ಒಂದ ಸಣ್ಣ ದ್ರುತ್ ಹಾಡಿ ಎದ್ದಬಿಡ್ರಿ. ಮಂದಿ ಕುಂದ್ರಂಗಿಲ್ಲ."

"ಸಾವಕಾಶದ ವಿಲಂಬಿತ ಬಿಟ್ಟ ಹಾಡೂದು ನಮ್ಮ ಗುರುಗಳು ಕಲಿಸಿಲ್ರಿ. ಪೂರಾ ಹಾಡತೀನಿ. ಇಲ್ಲಂದ್ರ ಈಗಿಂದೀಗ ಖಾನಾಪುರದ ಬಸ್ ಹಿಡೀತೀನಿ."

ಅವರು ದಾರಿ ಬಿಟ್ಟರು. ಅಕ್ಕ ಪೂರಿಯಾ ರಾಗ ಎತ್ತಿಕೊಂಡಳು. ಮಂದ್ರದಲ್ಲಿ ಆ ಕಂಠ ಇಳಿಯುತ್ತ ಹೋದಂತೆ, ಏಳಲು ಚಪ್ಪಲಿ ಹುಡುಕುತ್ತಿದ್ದವರೂ ಮತ್ತೆ ಕುಳಿತರು. ವೇಗದ ದ್ರುತ್‌ಗೆ ಬಂದಾಗ ನೋಡಿದರೆ, ವೇದಿಕೆಯ ಪಕ್ಕದಲ್ಲಿ ಅದೇ ಸಂಘಟಕರು ಕಣ್ಣು ಮುಚ್ಚಿ ಕಾಲು ಕುಟ್ಟುತ್ತಿದ್ದಾರೆ! ಹಾಡು ಮುಗಿಸಿ ಅಕ್ಕ ಮೈಕಿನಲ್ಲೇ ಕೇಳಿದಳು: "ಸಾಹೇಬ್ರ, ಡಾನ್ಸ್ ನಾಳೆ ಅಂದಿದ್ರಿ. ಇವತ್ತ ನೀವ ಸುರು ಮಾಡೀರಲ್ಲ!" ಇಡೀ ಸಭೆ ನಕ್ಕಿತು. ಅವರೂ ನಾಚಿ ನಕ್ಕು, ಕೈಮುಗಿದು, ಇನ್ನೊಂದು ಹಾಡಿರೆಂದು ಬೇಡಿದರು.

ಆಮೇಲೆ ಧಾರವಾಡ, ಪುಣೆ, ಮುಂಬೈ ಕರೆದವು. ತಂಬೂರಿ ಹೊತ್ತು ನಾನೂ ಹೋದೆ.

ಕಳೆದ ಚಳಿಗಾಲ ಅಕ್ಕ ತನ್ನ ಕೇರಿಯ ಶಾಲೆಯಲ್ಲೇ ಹಾಡಿದಳು. ಮುಂದಿನ ಸಾಲಿನಲ್ಲಿದ್ದ ಆಕೆಯ ತಾಯಿ ವಿಲಂಬಿತದ ನಡುವೆ, "ಎಷ್ಟ ಸಾವಕಾಶ ಹಾಡತೀಯವಾ, ಅನ್ನ ಆರಾಕತ್ತೈತಿ" ಎಂದುಬಿಟ್ಟರು. ಅಕ್ಕ ಹಾಡು ನಿಲ್ಲಿಸಿ ಕಣ್ಣೀರು ಬರುವಷ್ಟು ನಕ್ಕಳು.

ಊಟವಾದ ಮೇಲೆ ಕೇರಿಯ ಹುಡುಗಿಯರೆಲ್ಲ ಆಕೆಯನ್ನು ಮುತ್ತಿಕೊಂಡು, ತಮಗೂ ಕಲಿಸೆಂದು ಹಠ ಹಿಡಿದರು. ಬೆಳಗಾವಿಯ ಬಸ್ಸು ಬಂತು. ಅಕ್ಕ ಹತ್ತಲಿಲ್ಲ.

"ನೀ ನಡಿ. ಇವರಿಗೆ ಷಡ್ಜ ಹಚ್ಚಿಕೊಟ್ಟ ನಾಳೆ ಬರತೀನಿ."

ಬಸ್ಸು ಹೊರಟಿತು. ಹುಡುಗಿಯರ ಷಡ್ಜ ಹತ್ತು ದಿಕ್ಕಿಗೆ ಹರಿದಿತ್ತು. ಅಕ್ಕನ ಷಡ್ಜ ಅದರ ನಡುವೆ ಗಟ್ಟಿಯಾಗಿ ನಿಂತಿತ್ತು. ನಾಳೆ ಎಂದವಳು ಇನ್ನೂ ಬೆಳಗಾವಿಗೆ ಮರಳಿಲ್ಲ, ಆ ಹುಡುಗಿಯರಿಗೆ ಕಲಿಸುತ್ತಲೇ ಇದ್ದಾಳೆ.