ಅಂಗನವಾಡಿಗೆ ಸೇರಿದ ಖಾಲಾ

ಮೆಹಂದಿ ಹಚ್ಚಿದ ಅವರ ತಲೆ ಓಣಿಯ ತುದಿಯಿಂದಲೇ ಕಾಣುತ್ತಿತ್ತು. ಕೂದಲೆಲ್ಲ ಕಡು ಕಿತ್ತಳೆ, ಬುಡದಲ್ಲಿ ಮಾತ್ರ ಎರಡು ಬೆರಳಷ್ಟು ಬಿಳುಪು. ಸೆರಗನ್ನು ಎಷ್ಟು ಸಲ ತಲೆಯ ಮೇಲೆ ಎಳೆದುಕೊಂಡರೂ ಜಾರಿ ಹೆಗಲಿಗೆ ಬರುತ್ತಿತ್ತು, ಏಕೆಂದರೆ ಅವರು ಕೈ ಬೀಸದೆ ಒಂದು ಮಾತೂ ಆಡಿದವರಲ್ಲ. ಲಾರಿ ಮೆಕ್ಯಾನಿಕ್ ಒಬ್ಬರ ಹೆಂಡತಿಯಾಗಿ ದಾಂಡೇಲಿಗೆ ಬಂದವರು. ಗಂಡ ತೀರಿಹೋದ ಮೇಲೆ ಗ್ಯಾರೇಜಿನಲ್ಲಿ ದುಡಿಯುವ ಇಬ್ಬರು ಗಂಡುಮಕ್ಕಳ ಜೊತೆ ಅಂಬೇವಾಡಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದರು. ಹಿಂದೂ, ಮುಸಲ್ಮಾನ ಎನ್ನದೆ ಓಣಿಗೆಲ್ಲ ಅವರು ಖಾಲಾ. ಚಿಕ್ಕಮ್ಮ ಎಂದು ಅದರ ಅರ್ಥ. ನನಗಂತೂ ಅವ್ವ, ಅತ್ತೆ, ಮೇಲಧಿಕಾರಿ ಮೂರೂ ಅವರೇ ಆಗಿದ್ದರು.

ನಮ್ಮ ಕುಕ್ಕರಿನ ಸೀಟಿಗಳನ್ನು ಅವರು ತಮ್ಮ ಮನೆಯಲ್ಲಿ ಕೂತು ಎಣಿಸುತ್ತಿದ್ದರು. ಒಂದು ಹೆಚ್ಚಾದರೆ ಕಿಟಕಿಯಿಂದ ಕೂಗು ಬರುತ್ತಿತ್ತು: “ಏ ಹುಡುಗಿ, ಬ್ಯಾಳಿ ತಳ ಹತ್ತೇತಿ ನೋಡ!”

ನನ್ನ ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ. ಸಂಸಾರ ಅದರಲ್ಲೇ ಏಗುತ್ತಿತ್ತು. ಹೀಗಿರುವಾಗ ಗಣೇಶಗುಡಿಯ ಒಂದು ಹೋಂಸ್ಟೇನಲ್ಲಿ ಅಡುಗೆಮನೆ ನೋಡಿಕೊಳ್ಳಲು ನನ್ನನ್ನು ಕರೆದರು. ಮದುವೆಯಾದ ಮೇಲೆ ನನ್ನದು ಅಂತ ಸಿಕ್ಕ ಮೊದಲ ಕೆಲಸ ಅದು. ತೊಡಕು ಒಂದೇ: ಮಗಳು ಶ್ರಾವಣಿಗೆ ಆಗಷ್ಟೇ ಮೂರು ತುಂಬಿತ್ತು, ನಾನು ಬಚ್ಚಲಿಗೆ ಹೋದರೂ ಬಾಗಿಲು ಬಡಿದು ಅಳುವವಳು.

“ಅಂಗನವಾಡಿಗೆ ಹಾಕು,” ಎಂದರು ಖಾಲಾ, ನಾನು ಕೇಳುವ ಮೊದಲೇ.

ನನ್ನ ಗಂಡ ಒಪ್ಪಲಿಲ್ಲ. “ಅಲ್ಲಿ ಏನ ಐತ್ರಿ ಖಾಲಾ? ಉಪ್ಪಿಟ್ಟ ತಿನ್ನಿಸಿ ಮಲಗಸ್ತಾರ, ಅಷ್ಟ. ಟೈ, ಬೂಟ ಇರೂ ಸಾಲಿಗೆ ಹಾಕೂಣು.”

“ನಿಮ್ಮವ್ವ ನಿನಗ ಉಪ್ಪಿಟ್ಟ ತಿನ್ನಿಸಿ ಮಲಗಿಸಿಲ್ಲೇನು? ಏನ ಕಡಿಮಿ ಆತು ನಿನಗ?” ಖಾಲಾ ಕೈ ಬೀಸಿದರು, ಸೆರಗು ಜಾರಿತು. “ಮೂಗ ಒರಸ್ಕೊಳ್ಳಾಕ ಬರದ ಕೂಸಿಗೆ ಟೈ ಅಂತ ಟೈ! ಮೂಗ ಒರಸಾಕ ಬೇಕಂದ್ರ ಕಟ್ಟು.”

ಅವನು ನಗುತ್ತ ಒಪ್ಪಿ ಕೆಲಸಕ್ಕೆ ಹೊರಟ. ನನ್ನ ಹೆದರಿಕೆ ಹೋಗಲಿಲ್ಲ. ಅತ್ತು ಅತ್ತು ಜ್ವರ ಬಂದರೆ ಏನು ಮಾಡಲಿ ಎಂದು ಹೊಸ್ತಿಲಲ್ಲೇ ನಿಂತಿದ್ದೆ.

“ಹೆದರು, ಬ್ಯಾಡ ಅನ್ನಂಗಿಲ್ಲ,” ಎಂದರು ಖಾಲಾ. “ಆದ್ರ ನಿಂತ ಹೆದರಬ್ಯಾಡ, ನಡಕೋಂತ ಹೆದರು. ಚಪ್ಪಲ್ ಹಾಕ್ಕೊ.”

ಅಂಗನವಾಡಿ ಪಕ್ಕದ ಓಣಿಯಲ್ಲೇ ಇತ್ತು. ಅಲ್ಲಿನ ಶಿಕ್ಷಕಿಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಹಳಿಯಾಳ ಕಡೆಯ ಸಮಾಧಾನದ ಹೆಂಗಸು. ನಾನು ಒಯ್ದಿದ್ದ ಜನನ ಪತ್ರ, ಆಧಾರ್ ನೋಡಿ ಹೆಸರು ಬರೆದುಕೊಂಡರು. “ಭಾಳ ಶಾಣ್ಯಾ ಕೂಸ್ರಿ ಅಕ್ಕೋರ, ಅಳೂದ ಗೊತ್ತಿಲ್ಲ,” ಎಂದು ಖಾಲಾ ಶಿಫಾರಸು ಮಾಡುತ್ತಿದ್ದಾಗಲೇ ನಾನು ಹೊರಡುವುದನ್ನು ಕಂಡ ಶ್ರಾವಣಿ ಬಾಯಿ ತೆಗೆದಳು. ತಗಡಿನ ಮೇಲಿದ್ದ ಕಾಗೆಗಳು ಹಾರಿಹೋದವು. ಒಳಗಿದ್ದ ಮಕ್ಕಳೂ ಅವಳಿಗೆ ದನಿಗೂಡಿಸಿದರು. ಅವಳ ಎರಡೂ ಕೈ ಖಾಲಾ ಅವರ ಸೆರಗಿನಲ್ಲಿ.

ಅಕ್ಕೋರು ಕಿವಿಯ ಮೇಲೆ ಕೈ ಇಟ್ಟುಕೊಂಡು, “ಖಾಲಾ, ಇವತ್ತೊಂದಿನ ನೀವೂ ಕೂಡ್ರಿ. ನಾಳೆ ರೂಢಿ ಆಗ್ತೈತಿ,” ಎಂದರು.

ಆ ಒಂದು ದಿನ ಮಳೆಗಾಲ ಮುಗಿಯುವ ತನಕ ನಡೆಯಿತು.

ನಾನು ನಿಶ್ಚಿಂತೆಯಿಂದ ಬಸ್ ಹತ್ತಿ ಹೋಗುತ್ತಿದ್ದೆ. ಸಂಜೆ ಬಂದಾಗ ಅಕ್ಕೋರು ಒಂದು ದೂರು ಹೇಳುತ್ತಿದ್ದರು, ಖಾಲಾ ಇನ್ನೊಂದು. ಆನೆಯ ಹಾಡಿಗೆ ಅಕ್ಕೋರು ಮೂಗಿನ ಮುಂದೆ ಕೈ ತೂಗಾಡಿಸಿ ಕುಣಿದರಂತೆ. ಖಾಲಾ ತಡೆದು, “ಆನಿ ಹಂಗ ಜಿಗಿಯಂಗಿಲ್ರಿ ಅಕ್ಕೋರ. ನಾ ಗಣೇಶಗುಡಿ ರಸ್ತಾದಾಗ ಕಣ್ಣಾರೆ ನೋಡೀನಿ. ಅದು ಸಾಹೇಬ್ರಂಗ ಬರ್ತೈತಿ,” ಎಂದು ಸೊಂಟದ ಮೇಲೆ ಕೈಯಿಟ್ಟು ಕೋಣೆಯ ಸುತ್ತ ಗಂಭೀರವಾಗಿ ನಡೆದು ತೋರಿಸಿದರಂತೆ. ಅಂದಿನಿಂದ ನಮ್ಮ ಅಂಗನವಾಡಿಯ ಆನೆಗಳೆಲ್ಲ ಸಾಹೇಬರೇ. ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಕೂತರೆ ಮೊದಲು ಗೊರಕೆ ಹೊಡೆಯುವವರು ಖಾಲಾ. ಮಕ್ಕಳು ಬಾಯಿಗೆ ಬೆರಳಿಟ್ಟು ಒಬ್ಬರಿಗೊಬ್ಬರು ‘ಶ್’ ಎನ್ನುತ್ತ ಎಚ್ಚರವಾಗಿ ಕಾಯುತ್ತಿದ್ದರು.

ಒಂದು ದಿನ ಹೇಳದೆ ಕೇಳದೆ ಸೂಪರ್‌ವೈಸರ್ ಮೇಡಂ ಬಂದರು. ಅಕ್ಕೋರಿಗೆ ಖಾಲಾ ಅವರನ್ನು ಎಲ್ಲಿ ಬಚ್ಚಿಡಬೇಕೋ ತೋಚಲಿಲ್ಲ. ಖಾಲಾ ತಾವೇ ಉಪಾಯ ಮಾಡಿ, ಸೆರಗನ್ನು ಮೂಗಿನ ತನಕ ಎಳೆದುಕೊಂಡು ಮಕ್ಕಳ ಸಾಲಿನ ನಡುವೆ ಮೊಣಕಾಲು ಮಡಚಿ ಕೂತರು. ಮೇಡಂ ಒಂದು ಹಸಿರು ಚೀಟಿ ಎತ್ತಿ, “ಇದು ಯಾವ ಬಣ್ಣ?” ಎಂದು ಕೇಳಿದರು. ಮಕ್ಕಳು ಹೆದರಿ ಸುಮ್ಮನಾದರು. ತಮ್ಮ ಅಂಗನವಾಡಿಯ ಮಾನ ಹೋಗುವುದನ್ನು ಖಾಲಾ ಹೇಗೆ ನೋಡಿಯಾರು? ಮೆಲ್ಲಗೆ, “ಕೆಂಪ ಅನ್ರಿ, ಕೆಂಪ,” ಎಂದರು. ಮೂಗಿನ ತನಕ ಎಳೆದ ಸೆರಗಿನ ಮರೆಯಿಂದ ಅವರಿಗೆ ಬಣ್ಣ ಸರಿಯಾಗಿ ಕಂಡಿರಲಿಲ್ಲ. ಇಡೀ ಕೋಣೆ ಒಂದೇ ದನಿಯಲ್ಲಿ “ಕೆಂಪ!” ಎಂದು ಕೂಗಿತು.

“ಈ ಅಜ್ಜಿ ಯಾರು?” ಎಂದರು ಮೇಡಂ.

ಉತ್ತರ ಕೊಟ್ಟವಳು ನನ್ನ ಮಗಳು. “ನಮ್ಮ ಖಾಲಾ ರೀ. ಬಿಟ್ಟ ಹೋದ್ರ ಅಳತಾಳ್ರಿ.”

ಮೇಡಂ ನಕ್ಕರು. ಆದರೆ ಹೋಗುವಾಗ, ದೊಡ್ಡವರು ಒಳಗೆ ಕೂರುವಂತಿಲ್ಲ, ನಾಳೆಯಿಂದ ಇದು ನಡೆಯಬಾರದು ಎಂದು ಹೇಳಿಯೇ ಹೋದರು.

ಸಂಜೆ ಸುದ್ದಿ ಕೇಳಿ ಬ್ಯಾಗನ್ನೂ ಇಡದೆ ಖಾಲಾ ಮನೆಗೆ ಓಡಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಡವಾಗಿ ಹೋಗಿ ಹೋಂಸ್ಟೇ ಮಾಲೀಕರಿಂದ ಬೈಸಿಕೊಂಡಿದ್ದೆ; ಇನ್ನೊಮ್ಮೆ ಹಾಗಾದರೆ ಬೇರೆಯವರನ್ನು ಕರೆಯುತ್ತೇವೆ ಎಂದಿದ್ದರು. “ಕೆಲಸ ಬಿಡ್ತೇನ್ರಿ ಖಾಲಾ,” ಎಂದೆ. ಅವರು ಎದ್ದು ಶ್ರಾವಣಿಯ ಚಪ್ಪಲಿ ಒರೆಸಿ ಬಾಗಿಲ ಹತ್ತಿರ ಇಟ್ಟರು.

ಮರುದಿನ ಅವರೇ ಮಗಳನ್ನು ಕರೆದೊಯ್ದರು. ನಾನು ಬಸ್ ಸ್ಟ್ಯಾಂಡಿಗೆ ಹೋಗದೆ ಹಿಟ್ಟಿನ ಗಿರಣಿಯ ಮರೆಯಲ್ಲಿ ನಿಂತೆ. ಗೇಟಿನ ಹತ್ತಿರ ಖಾಲಾ ಮೊಣಕಾಲೂರಿ ಕೂತು ಏನೇನೋ ಸಮಾಧಾನ ಹೇಳುತ್ತಿದ್ದರು. ಶ್ರಾವಣಿ ಚಪ್ಪಲಿ ಬಿಚ್ಚಿದಳು. ಖಾಲಾ ಅವರ ಮುಖವನ್ನು ಒಮ್ಮೆ ನೋಡಿದಳು.

“ನೀ ಮನಿಗಿ ಹೋಗ ಖಾಲಾ. ನಾ ಆಮ್ಯಾಲೆ ಬರ್ತೇನಿ. ಅಳಬ್ಯಾಡ ಮತ್ತ.”

ಒಳಗೆ ಹೋದವಳು ತಿರುಗಿಯೂ ನೋಡಲಿಲ್ಲ. ನನಗೆ ಕುಣಿಯುವಷ್ಟು ಸಂತೋಷ. ಓಡಿಹೋಗಿ ಖಾಲಾ ಕೈ ಹಿಡಿದರೆ ಅವರ ಕಣ್ಣು ತುಂಬಿದ್ದವು, ಮುಖ ಕೆಂಪಾಗಿತ್ತು.

“ಎಂಥಾ ಬೇಷರಮ್ ಮಗಳನ್ನ ಹಡದೀ! ಮಳಿಗಾಲ ಪೂರಾ ಆ ಥಂಡಿ ನೆಲದ ಮ್ಯಾಲೆ ಕುಂತೀನಿ. ಹೊಳ್ಳಿ ಸೈತ ನೋಡಲಿಲ್ಲಲ್ಲ!”

ಮೂರು ವರ್ಷದ ಹುಡುಗಿಯ ಮೇಲೆ ಅವರು ಮುನಿಸಿಕೊಂಡರು. ಎದುರು ಕಿಟಕಿ ಮುಚ್ಚಿತು. ನನ್ನ ಬೇಳೆ ಹತ್ತಿದರೂ ಕೇಳುವವರಿಲ್ಲ. ಕೊನೆಗೆ ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ ಶ್ರಾವಣಿ ತನ್ನ ಮೊಟ್ಟೆಯನ್ನು ತಿನ್ನದೆ, ಮುಷ್ಟಿಯಲ್ಲಿ ಹಿಡಿದು ಜಜ್ಜಿಹೋದದ್ದನ್ನೇ ಒಯ್ದು ಅವರ ಬಾಗಿಲು ಬಡಿದಳು. ಖಾಲಾ ಬಾಗಿಲು ತೆರೆದರು, ಮೊಟ್ಟೆ ನೋಡಿದರು, ಅಲ್ಲೇ ಹೊಸ್ತಿಲ ಮೇಲೆ ಕೂತು ತಿಂದರು. “ಉಪ್ಪ ಇಲ್ಲ ಇದಕ್ಕ. ನಾ ಇಲ್ಲಂದ್ರ ಅಲ್ಲಿ ಹೇಳವ್ರ ಕೇಳವ್ರ ಇಲ್ಲ,” ಎಂದು ಬೈಯುತ್ತ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಅಲ್ಲಿಂದ ಓಣಿಯಲ್ಲಿ ಯಾರ ಮಗುವಿಗೆ ಮೂರು ತುಂಬಿದರೂ ತಾಯಿಗಿಂತ ಮೊದಲು ಖಾಲಾಗೆ ನೆನಪಾಗುತ್ತಿತ್ತು. ಕೈ ಹಿಡಿದು ಗೇಟಿನ ತನಕ ಒಯ್ದು, ಮೇಡಂ ಬರುವುದಿಲ್ಲ ಎಂದು ಖಾತ್ರಿಯಾದ ದಿನ ಒಳಗೂ ಹೋಗಿ ಬರುತ್ತಿದ್ದರು. ನನ್ನ ಕೆಲಸ ಉಳಿಯಿತು. ಈಗ ಆ ಅಡುಗೆಮನೆಯಲ್ಲಿ ನನ್ನ ಕೈಕೆಳಗೆ ನಾಲ್ವರು ದುಡಿಯುತ್ತಾರೆ. ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ.

ಹೋದ ಚಳಿಗಾಲದಲ್ಲಿ ಖಾಲಾಗೆ ಉಸಿರಿನ ತೊಂದರೆಯಾಗಿ ಊರಿನ ದವಾಖಾನೆಗೆ ಸೇರಿಸಿದರು. ಬೆಳಿಗ್ಗೆ ಹೋಗಿ ಪಕ್ಕದಲ್ಲಿ ಕೂತೆ. ದಣಿದಿದ್ದರೂ ಕೈ ಎತ್ತಿ, “ಕೆಲಸಕ್ಕ ಹೋಗಿಲ್ಲೇನು?” ಎಂದು ಕೇಳಿದರು.

“ರಜಾ ಹಾಕೇನ್ರಿ ಖಾಲಾ.”

“ನನಗ್ಯಾಕ ರಜಾ ಹಾಕ್ತಿ ಹುಚ್ಚಿ? ನಾಳೆ ಮಗಳಿಗಿ ಜ್ವರ ಬಂದ್ರ ಏನ ಮಾಡ್ತಿ? ಇನ್ನೂ ಬಸ್ಸ ಸಿಗ್ತೈತಿ. ಏಳು, ಓಡು.”

ಅವರಿಗೆ ಎದುರಾಡಿ ರೂಢಿಯಿಲ್ಲದ ನಾನು ಎದ್ದು ಓಡಿದೆ, ಬಸ್ಸೂ ಸಿಕ್ಕಿತು. ಅದೇ ವಾರ ಒಂದು ನಸುಕಿನಲ್ಲಿ ಅವರು ತೀರಿಕೊಂಡರು. ಅಂದು ನಾನು ರಜೆ ಹಾಕಿ ಎದುರು ಮನೆಯ ಜಗಲಿಯ ಮೇಲೆ ಇಡೀ ದಿನ ಕೂತಿದ್ದೆ. ಎದ್ದು ಹೋಗು ಎಂದು ಬೈಯುವವರು ಯಾರೂ ಇರಲಿಲ್ಲ.